ಹುಡುಗ ಬಚ್ಚಿಲ್ಲ ಅಂದ, ವಿಡಿಯೊ ಬೇರೆ ಹೇಳಿತು

ಕಾಸರಗೋಡು ಜಿಲ್ಲೆಯ ಕುಂಬಳೆ-ಬದಿಯಡ್ಕ ರಸ್ತೆ ಪಕ್ಕದ ಒಂದು ಕಟ್ಟಡದ ಮಾಳಿಗೆಯಲ್ಲಿ ನನ್ನ ಜಿಮ್. ಸಂಜೆ ಬರುವವರಲ್ಲಿ ಅರ್ಧ ಜನ ಕಬಡ್ಡಿ ಹುಡುಗರು. ಒಬ್ಬ ತುಳುವಿನಲ್ಲಿ ಕೇಳುತ್ತಾನೆ, ಇನ್ನೊಬ್ಬ ಮಲಯಾಳದಲ್ಲಿ ಉತ್ತರ ಕೊಡುತ್ತಾನೆ, ನಾನು ಕನ್ನಡದಲ್ಲಿ ಬೈಯುತ್ತೇನೆ. ಆದರೆ "ಬಚ್ಚಿದೆಯಾ?", ಅಂದರೆ ಸುಸ್ತಾಗಿದೆಯಾ, ಅಂತ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಒಂದೇ: ಇಲ್ಲ ಸರ್.

ಆ ಉತ್ತರ ನಂಬಿ ಒಮ್ಮೆ ಸರಿಯಾಗಿ ಕೆಟ್ಟೆ.

ಆ ಹುಡುಗ ಒಳ್ಳೆಯ ರೈಡರ್, ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು. ಒಂದು ತಿಂಗಳ ಹಿಂದೆ ಸ್ಕ್ವಾಟ್‌ನಲ್ಲಿ, ಅಂದರೆ ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದರಲ್ಲಿ, 120 ಕಿಲೊ ಎತ್ತಿದ್ದ. ಆ ದಿನಕ್ಕೆ ನನ್ನ ಪುಸ್ತಕದಲ್ಲಿ ಬರೆದದ್ದು ಅದರ ಶೇಕಡಾ 80, ಅಂದರೆ ಸುಮಾರು 95 ಕಿಲೊ, ಐದು ಸಲ. ಮೂರನೇ ಸಲ ಕೂತವನು ಏಳಲೇ ಇಲ್ಲ. ಬಾರ್ ಸೇಫ್ಟಿ ರಾಡ್ ಮೇಲೆ ಬಿತ್ತು, ಇವನ ಸೊಂಟ ಹಿಡಿದುಕೊಂಡಿತು, ಎರಡು ವಾರ ಅಂಕಣಕ್ಕೆ ಇಳಿಯಲಿಲ್ಲ. ಟೂರ್ನಮೆಂಟ್ ಸೀಸನ್ ಬೇರೆ. ತಂಡದವರು ನನಗೆ ಒಂದು ಮಾತೂ ಹೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಗೊತ್ತಾಯಿತು: ಹಿಂದಿನ ರಾತ್ರಿ ಫ್ಲಡ್‌ಲೈಟ್ ಮ್ಯಾಚ್ ಮುಗಿಸಿ ಮಲಗಿದ್ದು ಎರಡು ಗಂಟೆಗೆ, ಬೆಳಗ್ಗೆ ಎದ್ದು ಮರ ಹತ್ತಲು ಕಾಲಿಗೆ ತಳೆ ಹಾಕಿ ಮಧ್ಯಾಹ್ನದವರೆಗೆ ಅಡಿಕೆ ಕೊಯ್ಲು. "ಯಾಕೆ ಹೇಳಲಿಲ್ಲ?" ಅಂತ ಕೇಳಿದರೆ, "ಹೇಳಿದರೆ ನೀವು ಭಾರ ಕಡಿಮೆ ಮಾಡುತ್ತೀರಿ ಅಲ್ವಾ ಸರ್" ಅಂದ.

ಅವನ ಗೆಳೆಯ ಆ ದಿನ ಸುಮ್ನೆ ವಿಡಿಯೊ ಮಾಡಿದ್ದ. ಅದರ ಹಿಂದಿನ ವಾರದ್ದೂ ಅದೇ ಫೋನಿನಲ್ಲಿತ್ತು. ರಾತ್ರಿ ಎರಡನ್ನೂ ಹಾಕಿ ವಾರ್ಮ್‌ಅಪ್‌ನ 70 ಕಿಲೊ ಸೆಟ್ ನೋಡಿದೆ. ತಳದಿಂದ ಮೇಲೆ ಬರುವಷ್ಟು ಹೊತ್ತು ಒಂದೊಂದೇ ಫ್ರೇಮ್ ಸರಿಸಿ ಎಣಿಸಿದೆ. ಹಿಂದಿನ ವಾರ 23 ಫ್ರೇಮ್. ಆ ದಿನ 27. ಸೆಕೆಂಡಿಗೆ 30 ಫ್ರೇಮಿನ ವಿಡಿಯೊ, ಬಾರ್ ಏರುವ ದೂರ ಅವನಿಗೆ 60 ಸೆಂಟಿಮೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ 0.78 ಮೀಟರ್ ಇದ್ದದ್ದು 0.67ಕ್ಕೆ ಇಳಿದಿದೆ. ಸಮಯದಲ್ಲಿ ವ್ಯತ್ಯಾಸ ಒಂದು ಸೆಕೆಂಡಿನ ಸುಮಾರು ಏಳನೇ ಒಂದು ಪಾಲು ಅಷ್ಟೇ. ನಾನು ಎದುರಿಗೇ ನಿಂತಿದ್ದೆ, ಕಣ್ಣಿಗೆ ಏನೂ ಕಾಣಲಿಲ್ಲ.

ಭಾರ ಏರಿದ ಹಾಗೆ ಬಾರ್‌ನ ವೇಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಇಳಿಯುತ್ತದೆ. ಸ್ಕ್ವಾಟ್‌ನಲ್ಲಿ ಒಂದೇ ಸಲ ಎತ್ತಬಹುದಾದ ಭಾರ ಸೆಕೆಂಡಿಗೆ 0.3 ಮೀಟರಿನ ಆಸುಪಾಸಿನಲ್ಲಿ ಏರುತ್ತದೆ, ಅದಕ್ಕಿಂತ ನಿಧಾನವಾದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮಲಗಿಕೊಂಡು ಬಾರ್ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಇದು ಇನ್ನೂ ಕಡಿಮೆ, 0.17ರ ಹತ್ತಿರ. ಈ ಗೆರೆಯ ಮೇಲೆ ಇಟ್ಟು ನೋಡಿದರೆ ಆ ಸಂಜೆ ಹುಡುಗನ ಪೂರ್ತಿ ಶಕ್ತಿ 120 ಅಲ್ಲ, 108ರ ಸುತ್ತಮುತ್ತ. 95 ಕಿಲೊ ಅವನಿಗೆ ಶೇಕಡಾ 80 ಆಗಿರಲಿಲ್ಲ, 88 ಆಗಿತ್ತು. ಪುಸ್ತಕದಲ್ಲಿದ್ದದ್ದು ತಿಂಗಳ ಹಿಂದಿನ ಹುಡುಗ, ಬಾರ್ ಕೆಳಗಿದ್ದದ್ದು ಆ ಸಂಜೆಯವನು.

ಈಗ ಎಲ್ಲರಿಗೂ ವಾರ್ಮ್‌ಅಪ್‌ನಲ್ಲಿ ಅವರವರದ್ದೇ ಒಂದು ಭಾರ ಇದೆ, ಅದು ಬದಲಾಗುವುದಿಲ್ಲ. ನಿಧಾನ ಇಳಿ, ಮೇಲೆ ಬರುವಾಗ ಇದ್ದಷ್ಟು ಜೋರು ಹಾಕು, ಇಷ್ಟೇ ನಿಯಮ. ಜೋರು ಹಾಕದೆ ಸೋಮಾರಿಯಾಗಿ ಎದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ಅವರ ಮಾಮೂಲಿ ವೇಗದಿಂದ 0.05ಕ್ಕಿಂತ ಜಾಸ್ತಿ ಬಿದ್ದಿದ್ದರೆ ಆ ದಿನ ಭಾರ ಇಳಿಸುತ್ತೇನೆ, ವಾದ ಇಲ್ಲ. ದಾರ ಕಟ್ಟಿ ಅಳೆಯುವ ಯಂತ್ರ ಸಿಗುತ್ತದೆ, ಅದರ ಬೆಲೆ ನನ್ನ ಬಾಡಿಗೆಗಿಂತ ಜಾಸ್ತಿ. ಫೋನಿನ ಸ್ಲೋ ಮೋಷನ್‌ನಲ್ಲಿ 240 ಫ್ರೇಮ್ ಸಿಗುತ್ತದೆ, ನನಗೆ ಸಾಕು.

ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಉಪ್ಪುಗಾಳಿಗೆ ನಮ್ಮ ಪ್ಲೇಟುಗಳು ತುಕ್ಕು ಹಿಡಿದಿವೆ, ಒಮ್ಮೆ ಅಡಿಕೆ ಅಂಗಡಿಯ ತಕ್ಕಡಿಗೆ ಹಾಕಿದರೆ 20 ಅಂತ ಬರೆದದ್ದು 19 ಚಿಲ್ಲರೆ ತೂಗಿತು. ಅದೇ ಪ್ಲೇಟು ಅದೇ ಬಾರ್‌ಗೆ ಹಾಕುವವರೆಗೆ ವೇಗದ ಲೆಕ್ಕಕ್ಕೆ ಇದರಿಂದ ತೊಂದರೆ ಇಲ್ಲ.

ಸೆಟ್ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ವೇಗವನ್ನೇ ನೋಡುತ್ತೇನೆ. ಸ್ಪೇನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ, ಎಂಟು ವಾರ ಸ್ಕ್ವಾಟ್ ಮಾಡಿಸಿದ್ದು. ಒಂದು ಗುಂಪು ವೇಗ ಶೇಕಡಾ 20 ಬಿದ್ದ ಕೂಡಲೇ ಸೆಟ್ ನಿಲ್ಲಿಸಿತು, ಇನ್ನೊಂದು 40 ಬೀಳುವವರೆಗೆ ಎಳೆಯಿತು. ಶಕ್ತಿ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಸಮ ಏರಿತು. ಜಿಗಿತ ಮಾತ್ರ ಬೇಗ ನಿಲ್ಲಿಸಿದವರಲ್ಲಿ ಚೆನ್ನಾಗಿ ಸುಧಾರಿಸಿತು, ಅದೂ ಅಷ್ಟು ಕಡಿಮೆ ಕೆಲಸದಲ್ಲಿ. ತೊಡೆ ದಪ್ಪ ಆದದ್ದು ಎಳೆದವರಿಗೆ. ರೈಡರ್‌ಗೆ 30 ಸೆಕೆಂಡಿನಲ್ಲಿ ಮುಟ್ಟಿ ಗೆರೆ ದಾಟಿ ಬರುವ ಕಾಲು ಬೇಕು. ಅವನಿಗೆ 0.5ರಲ್ಲಿ ಶುರುವಾದ ಸೆಟ್ 0.4ಕ್ಕೆ ಬಂದರೆ ಬಾರ್ ಇಡು ಅನ್ನುತ್ತೇನೆ. ಮದುವೆಗೆ ಮುಂಚೆ ಮೈ ಬರಬೇಕು ಅಂತ ಬರುವವರನ್ನು ಸ್ವಲ್ಪ ಎಳೆಯಲು ಬಿಡುತ್ತೇನೆ.

ಹುಡುಗರು ಸುಮ್ಮನಿರುತ್ತಾರಾ? ಅಂಕಿ ಬಂದ ಮೇಲೆ ಪಂದ್ಯ ಶುರುವಾಯಿತು. ಪೂರ್ತಿ ಕೂರದೆ ಅರ್ಧದಲ್ಲೇ ಎದ್ದು "0.9 ಸರ್!" ಅನ್ನುವುದು. ಒಂದು ಮರದ ಪೆಟ್ಟಿಗೆ ಮಾಡಿಸಿ ಹಿಂದೆ ಇಟ್ಟೆ, ಅಂಡು ಅದಕ್ಕೆ ತಾಗದಿದ್ದರೆ ಲೆಕ್ಕಕ್ಕಿಲ್ಲ. ಒಬ್ಬನ ಅಂಕಿಯನ್ನು ಇನ್ನೊಬ್ಬನ ಜೊತೆ ಹೋಲಿಸುವುದನ್ನೂ ನಿಲ್ಲಿಸಿದೆ. ಉದ್ದ ಕಾಲಿನವನ ಗೆರೆಯೇ ಬೇರೆ ಇರುತ್ತದೆ.

ಮೊನ್ನೆ ಅದೇ ರೈಡರ್ ಬಂದ. 70 ಕಿಲೊದಲ್ಲಿ 0.69. ಬಚ್ಚಿದೆಯಾ ಅಂತ ಕೇಳಿದೆ. ಬಾಯಿ ತೆರೆದವನು ನನ್ನ ಕೈಯಲ್ಲಿದ್ದ ಫೋನ್ ನೋಡಿ ನಕ್ಕ, "ತೋಟಕ್ಕೆ ಹೋಗಿದ್ದೆ" ಅಂದ, ನಾನು ಹೇಳುವ ಮೊದಲೇ ಬಾರ್‌ಗೆ ಹಾಕಲು ತಂದ ಪ್ಲೇಟನ್ನು ವಾಪಸ್ ಗೋಡೆಗೆ ಒರಗಿಸಿದ.