ಮಂಗಳವಾರದ ಕ್ಷೇತ್ರಕಾರ್ಯ

ಸಮಾಜ ಕಾರ್ಯಕರ್ತರು ನೆರವು ಬೇಡಿ ಬಂದವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಸಮಾಜಕಾರ್ಯದ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ನಿರೂಪಿಸಿದ ಏಳು ತತ್ವಗಳನ್ನು ನಮ್ಮ ಸಮಾಜಕಾರ್ಯ ವಿಭಾಗದಲ್ಲಿ ಓದಿದವರೆಲ್ಲರೂ ಒಮ್ಮೆಯಾದರೂ ಬಾಯಿಪಾಠ ಮಾಡಿಯೇ ಇರುತ್ತಾರೆ. ಸ್ವೀಕಾರ, ತೀರ್ಪು ಹೇಳದಿರುವುದು, ಸ್ವನಿರ್ಧಾರ, ಗೌಪ್ಯತೆ ಎಂದು ಉತ್ತರಪತ್ರಿಕೆಯಲ್ಲಿ ಒಪ್ಪಿಸಿದ್ದ ನನಗೆ, ಅಂಥ ಸಂಬಂಧ ನಿಜಕ್ಕೂ ಬೆಳೆಯುವ ಬಗೆ ಕಣ್ಣಿಗೆ ಬಿದ್ದದ್ದು ಎರಡನೆಯ ವರ್ಷದ ಕ್ಷೇತ್ರಕಾರ್ಯಕ್ಕೆಂದು ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಹೋದಾಗ.

ಮಂಗಳವಾರ ಮನೋವೈದ್ಯರು ಬರುವ ದಿನ. ಸರದಿ ಉದ್ದವಿರುತ್ತಿದ್ದುದರಿಂದ ಒಬ್ಬೊಬ್ಬರಿಗೆ ಸಿಗುತ್ತಿದ್ದುದು ಕೆಲವೇ ನಿಮಿಷ. ಉಳಿದ ಮಾತು ಹೊರಗಿನ ಬೆಂಚಿನ ಮೇಲೆ ನಮ್ಮ ಪಾಲಿಗೆ ಬರುತ್ತಿತ್ತು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದ ಮಗನನ್ನು ಕರೆತರುತ್ತಿದ್ದ ಒಬ್ಬ ತಾಯಿ, ಖಾಲಿಯಾದ ಮಾತ್ರೆಯ ಪಟ್ಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಜೋಪಾನವಾಗಿ ತಂದು ತೋರಿಸುತ್ತಿದ್ದರು. ಏನು ಕೇಳಿದರೂ "ಪರವಾಗಿಲ್ಲ ಕಣಪ್ಪ" ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು.

ನಮ್ಮ ಮಾರ್ಗದರ್ಶಕಿ ಮೇಡಂ ವಾರದ ವರದಿಯನ್ನು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯುತ್ತಿದ್ದರು. "ಮಾತು ಕೊಡುವುದಾದರೆ ಚಿಕ್ಕದನ್ನೇ ಕೊಡಿ, ಮುಂದಿನ ಮಂಗಳವಾರ ತೀರಿಸಿ" ಎಂಬುದು ಅವರ ನಿಯಮ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರ ಪ್ರಮಾಣಪತ್ರಕ್ಕೆ ಬೇಕಾದ ಕಾಗದಪತ್ರಗಳ ಪಟ್ಟಿಯನ್ನು ವಿಚಾರಿಸಿ ತರುತ್ತೇನೆಂದು ಆ ತಾಯಿಗೆ ಹೇಳಿದ್ದೆ, ತಂದುಕೊಟ್ಟೆ. ಅಂದೇ ಅವರು, ಮಗ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗಿಯುತ್ತಾನೆ ಎಂಬುದನ್ನು ತಾವಾಗಿಯೇ ಹೇಳಿದರು. ನನ್ನ ನಯವಾದ ಮಾತಿಗಿಂತ ಆ ಒಂದು ಹಾಳೆಗೆ ಹೆಚ್ಚು ಬೆಲೆ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಮೇಡಂ ಅಂಚಿನಲ್ಲಿ ಬರೆದದ್ದು ಇಷ್ಟೇ: "ಮಗನನ್ನು ಕೇಳಿದಿರಾ?" ಚಿಕಿತ್ಸೆಯ ಬಗ್ಗೆ ತಾನೇ ತೀರ್ಮಾನಿಸುವ ವ್ಯಕ್ತಿಯ ಸಾಮರ್ಥ್ಯವನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನ್ಯ ಮಾಡುತ್ತದೆ ಎಂದು ತರಗತಿಯಲ್ಲಿ ಕೇಳಿದ್ದೆವು. ಕೇಳಿದಾಗ ಆತ, ಬೆಳಗಿನ ಮಾತ್ರೆಯಿಂದ ತೂಕಡಿಕೆ ಹತ್ತಿ ಹಸು ಹಿಡಿದುಕೊಂಡು ಹೋಗಲು ಆಗುವುದಿಲ್ಲ ಎಂದ. ವೈದ್ಯರು ಅದನ್ನು ರಾತ್ರಿಯ ಊಟದ ನಂತರಕ್ಕೆ ಬದಲಿಸಿಕೊಟ್ಟರು.

ಸಲಿಗೆಗೂ ಒಂದು ಅಳತೆ ಇತ್ತು. ಮನೆ ಭೇಟಿಗೆ ಹೋದಾಗ ಕೊಟ್ಟ ಕಾಫಿ ಕುಡಿಯಬಹುದು, ಆದರೆ ಕೈಯಿಂದ ಹಣ ಕೊಡಕೂಡದು. (ಕಾಫಿ ಬೇಡವೆಂದರೆ ನಮ್ಮ ಕಡೆ ಅದೇ ಅವಮಾನ.) ಇದಕ್ಕಿಂತ ಕಠಿಣವೆನಿಸಿದ್ದು ಮೇಡಂ ಅವರ ಇನ್ನೊಂದು ನಿಯಮ: ಸೆಮಿಸ್ಟರ್ ಮುಗಿದ ಮೇಲೆ ನಾವು ಬರುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಬೇಕು. ಪರಿಚಯವಾಗುವ ಮುನ್ನವೇ ಹೊರಡುವ ಮಾತೇಕೆ ಎಂದು ನಾವು ಗೊಣಗುತ್ತಿದ್ದೆವು. ಆದರೆ ಯಾರೋ ಬಂದು ನೋವನ್ನೆಲ್ಲ ಕೇಳಿಸಿಕೊಂಡು, ಹೇಳದೆ ಕೇಳದೆ ಮಾಯವಾಗುವುದನ್ನು ಆ ಕುಟುಂಬಗಳು ಹಿಂದೆಯೂ ಕಂಡಿದ್ದವು. ಕೊನೆಯ ತಿಂಗಳು ಪೂರ್ತಿ ಹಸ್ತಾಂತರಕ್ಕೇ ಮೀಸಲಾಯಿತು. ಕ್ಲಿನಿಕ್ಕಿನ ಸಮಾಜ ಕಾರ್ಯಕರ್ತರನ್ನೂ ಊರಿನ ಆಶಾ ಕಾರ್ಯಕರ್ತೆಯನ್ನೂ ಆ ತಾಯಿ ಮಗನೊಡನೆ ಕೂರಿಸಿ, ಯಾವ ವಿಷಯಕ್ಕೆ ಯಾರನ್ನು ಕಾಣಬೇಕೆಂದು ಅವರಿಂದಲೇ ಹೇಳಿಸಿದೆವು.

ಈಗ ನನ್ನ ಬಳಿ ಕ್ಷೇತ್ರಕಾರ್ಯಕ್ಕೆ ಬರುವ ವಿದ್ಯಾರ್ಥಿಗಳಿಂದಲೂ ಮೊದಲ ವರದಿಯ ಮೇಲ್ಭಾಗದಲ್ಲಿ ಕೊನೆಯ ಭೇಟಿಯ ದಿನಾಂಕವನ್ನು ಬರೆಸುತ್ತೇನೆ. ನಾವು ಗೊಣಗಿದಂತೆಯೇ ಅವರೂ ಗೊಣಗುತ್ತಾರೆ.