ನಲವತ್ತು ಜನರ ಆಫೀಸಿನ ಮೇಲ್ ಸರ್ವರ್‌ಗೆ ಎಂಥ ಮೆಷಿನ್ ಬೇಕು?

ಮೇಲ್ ಸರ್ವರ್ ಕೊಳ್ಳಲು ಹೊರಟವರು ಮೊದಲು ಪ್ರೊಸೆಸರ್ ಯಾವುದು ಅಂತ ನೋಡುತ್ತಾರೆ. ನಿಜಕ್ಕೂ ಅದನ್ನು ಕೊನೆಗೆ ನೋಡಿದರೆ ಸಾಕು. ಮೇಲ್ ಪಡೆದು ಕಳಿಸುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್, ಸ್ಪಾಮ್ ಸೋಸುವ ಆರ್‌ಸ್ಪಾಮ್‌ಡಿ, ವೈರಸ್ ಹುಡುಕುವ ಕ್ಲಾಮ್‌ಎವಿ ನಾಲ್ಕನ್ನೂ ಹಾಕಿದರೂ ಈಚಿನ ನಾಲ್ಕು ಕೋರ್‌ನ ಸಿಪಿಯು ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ. ಕೈಕೊಡುವುದು ರ್‍ಯಾಮ್ ಮತ್ತು ಡಿಸ್ಕ್.

ರ್‍ಯಾಮ್ ಲೆಕ್ಕದಲ್ಲಿ ದೊಡ್ಡ ಪಾಲು ಕ್ಲಾಮ್‌ಎವಿಯದು. ವೈರಸ್ ಸಿಗ್ನೇಚರ್‌ಗಳನ್ನೆಲ್ಲ ಅದು ಮೆಮೊರಿಗೆ ಎಳೆದುಕೊಳ್ಳುತ್ತದೆ. ಅಷ್ಟಕ್ಕೇ ಒಂದು ಜಿಬಿಗಿಂತ ಹೆಚ್ಚು ಬೇಕು. ಹೊಸ ಸಿಗ್ನೇಚರ್ ಬಂದಾಗ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಲೋಡ್ ಮಾಡುವುದರಿಂದ ಸ್ವಲ್ಪ ಹೊತ್ತು ಅದರ ದುಪ್ಪಟ್ಟು ಹಿಡಿಯುತ್ತದೆ. 4 ಜಿಬಿ ಮೆಷಿನ್‌ಗಳು ಮಲಗುವುದು ಇಲ್ಲೇ. ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಕ್ಲಾಮ್‌ಡಿಯನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಕ್ಲಾಮ್‌ಎವಿ ಪ್ರೋಗ್ರಾಂ ಅನ್ನು, ನಿಲ್ಲಿಸಿಬಿಡುತ್ತದೆ. ಅದನ್ನು ಮಿಲ್ಟರ್ (ಮೇಲ್ ಒಳಬರುವಾಗಲೇ ತಪಾಸಣೆಗೆ ಕೊಡುವ ಕೊಂಡಿ) ಮೂಲಕ ಜೋಡಿಸಿದ್ದರೆ, ಪೋಸ್ಟ್‌ಫಿಕ್ಸ್ ಬಂದ ಮೇಲ್‌ಗಳಿಗೆಲ್ಲ 451 ಎಂಬ ಕೋಡ್ ಕೊಟ್ಟು ‘ಆಮೇಲೆ ಬಾ’ ಎನ್ನುತ್ತದೆ. ಮೇಲ್ ಕಳೆದುಹೋಗುವುದಿಲ್ಲ, ತಡವಾಗುತ್ತದೆ. ಹಾಗಾಗಿಯೇ ಕಾರಣ ಹುಡುಕುವುದು ಕಷ್ಟ. ಎಲ್ಲರೂ ಇಂಟರ್ನೆಟ್ ಸರಿಯಿಲ್ಲ ಅಂದುಕೊಳ್ಳುತ್ತಾರೆ.

ಇನ್ನು ಐಮ್ಯಾಪ್ ಕನೆಕ್ಷನ್, ಅಂದರೆ ಮೇಲ್ ಓದುವ ಪ್ರೋಗ್ರಾಂ ಸರ್ವರ್ ಜೊತೆ ಇಟ್ಟುಕೊಳ್ಳುವ ಸಂಪರ್ಕ. ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಒಂದು ಖಾತೆಗೆ 5 ಕನೆಕ್ಷನ್‌ವರೆಗೆ ತೆರೆಯುತ್ತದೆ, ಫೋನಿಗೆ 2 ಹಿಡಿಯಿರಿ. ನಲವತ್ತು ಜನಕ್ಕೆ 280. ಒಂದಕ್ಕೆ 3 ಎಂಬಿ ಅಂದರೂ 840 ಎಂಬಿ. ಡವ್‌ಕಾಟ್‌ನಲ್ಲಿ ಒಬ್ಬ ಬಳಕೆದಾರನಿಗೆ ಒಂದು ಐಪಿಯಿಂದ 10 ಕನೆಕ್ಷನ್ ಎಂಬ ಮಿತಿ ಮೊದಲಿನಿಂದಲೇ ಇರುತ್ತದೆ. ಎರಡು ಕಂಪ್ಯೂಟರ್, ಒಂದು ಫೋನ್ ಇಟ್ಟುಕೊಂಡವರಿಗೆ ಅದು ಸಾಲದು, 20ಕ್ಕೆ ಏರಿಸಿ. ಎಲ್ಲ ಸೇರಿ 8 ಜಿಬಿ ಕನಿಷ್ಠ. 16 ಹಾಕಿದರೆ ಮಿಕ್ಕಿದ್ದನ್ನು ಲಿನಕ್ಸ್ ಡಿಸ್ಕ್ ಕ್ಯಾಶ್‌ಗೆ ಬಳಸುತ್ತದೆ, ಮೇಲ್‌ಬಾಕ್ಸ್ ಚುರುಕಾಗಿ ತೆರೆಯುತ್ತದೆ. ನನ್ನ ಸಲಹೆ 16.

ಡಿಸ್ಕ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಂಥದು ಎನ್ನುವುದು ಮುಖ್ಯ. ಪೋಸ್ಟ್‌ಫಿಕ್ಸ್ ಒಂದು ಮೇಲನ್ನು ಡಿಸ್ಕಿಗೆ ಬರೆದು ಖಾತ್ರಿಯಾದ ಮೇಲೆಯೇ ‘ಬಂತು’ ಎಂದು ಉತ್ತರಿಸುತ್ತದೆ. ಆಮೇಲೆ ಡವ್‌ಕಾಟ್ ಮೇಲ್‌ಬಾಕ್ಸಿಗೆ ಇನ್ನೊಮ್ಮೆ ಬರೆಯುತ್ತದೆ. ಎಲ್ಲರಿಗೂ ಒಂದು ಸುತ್ತೋಲೆ ಕಳಿಸಿದರೆ ನಲವತ್ತು ಮೇಲ್‌ಬಾಕ್ಸಿಗೆ ನಲವತ್ತು ಪ್ರತಿ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು ನೂರು ಇಂಥ ಬರಹ ಮಾಡೀತು, ಅಷ್ಟೇ. ಎಸ್‌ಎಸ್‌ಡಿ ತಗೊಳ್ಳಿ, ಅದರಲ್ಲೂ ಕರೆಂಟ್ ಹೋದಾಗ ಕ್ಯಾಶ್‌ನಲ್ಲಿದ್ದದ್ದನ್ನು ಬರೆದು ಮುಗಿಸುವ ಕೆಪಾಸಿಟರ್ ಇರುವಂಥದ್ದನ್ನು. ಎರಡನ್ನು ರೇಡ್ 1ರಲ್ಲಿ, ಅಂದರೆ ಬರೆದದ್ದೆಲ್ಲ ಎರಡರಲ್ಲೂ ಇರುವಂತೆ, ಹಾಕಿ. ಬ್ಯಾಕಪ್ ಬೇರೆಯೇ ಬೇಕು, ಏಕೆಂದರೆ ಅಳಿಸಿದ ಮೇಲ್ ಎರಡು ಡಿಸ್ಕಿನಿಂದಲೂ ಒಟ್ಟಿಗೇ ಹೋಗುತ್ತದೆ. ಯುಪಿಎಸ್ ಇದ್ದರೆ ಸಾಲದು, ಅದರ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಚುಚ್ಚಿ ನಟ್ ಎಂಬ ತಂತ್ರಾಂಶ ಹಾಕಿ. ಇಲ್ಲದಿದ್ದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಸರ್ವರ್‌ಗೆ ಗೊತ್ತೇ ಆಗುವುದಿಲ್ಲ.

ಗಾತ್ರದ ಲೆಕ್ಕ ಹೀಗೆ: ತಲೆಗೆ ದಿನಕ್ಕೆ 50 ಮೇಲ್, ಸರಾಸರಿ 150 ಕೆಬಿ ಅಂದರೆ ನಲವತ್ತು ಜನಕ್ಕೆ 300 ಎಂಬಿ. ತಿಂಗಳಿಗೆ 26 ದಿನ, ವರ್ಷಕ್ಕೆ ಹೆಚ್ಚುಕಮ್ಮಿ 94 ಜಿಬಿ. ಮೂರು ವರ್ಷಕ್ಕೆ 280. ಸ್ವಲ್ಪ ಖಾಲಿ ಬಿಟ್ಟರೂ 960 ಜಿಬಿಯ ಜೋಡಿ ಧಾರಾಳ. ಆದರೆ ಈ 50, 150 ಎರಡೂ ಊಹೆ; ಹಳೆಯ ಸರ್ವರ್‌ನ ಲಾಗನ್ನು ಪೋಸ್ಟ್‌ಫಿಕ್ಸ್ ಲಾಗ್‌ನ ಲೆಕ್ಕ ಕೊಡುವ ಪಿಎಫ್‌ಲಾಗ್‌ಸಮ್‌ಗೆ ಕೊಟ್ಟು ನಿಮ್ಮದೇ ಅಂಕಿ ತೆಗೆಯಿರಿ. ಸ್ಕ್ಯಾನ್ ಮಾಡಿದ ಬಿಲ್, ಡ್ರಾಯಿಂಗ್ ಕಳಿಸುವ ಆಫೀಸಾದರೆ ಸರಾಸರಿ ಹಲವು ಪಟ್ಟು ಏರುತ್ತದೆ. ಅಟ್ಯಾಚ್‌ಮೆಂಟ್ ಬೇಸ್64 ಎಂಬ ಅಕ್ಷರರೂಪಕ್ಕೆ ಬದಲಾಗಿ ಹೋಗುವುದರಿಂದ 10 ಎಂಬಿ ಫೈಲು ದಾರಿಯಲ್ಲಿ ಸುಮಾರು 13.7 ಎಂಬಿ. ಒಂದು ಮೇಲ್‌ಗೆ ಪೋಸ್ಟ್‌ಫಿಕ್ಸ್‌ನ ಮೂಲ ಮಿತಿ 1,02,40,000 ಬೈಟ್. ಏನೂ ಬದಲಿಸದಿದ್ದರೆ 8 ಎಂಬಿಯ ಫೈಲೂ ದಾಟದು.

ಅಪ್‌ಲೋಡ್ ವೇಗವನ್ನೂ ಇದೇ ಅಂಕಿಯಲ್ಲಿ ಅಳೆಯಿರಿ. ಆ 10 ಎಂಬಿ ಫೈಲನ್ನು ನಲವತ್ತು ಬೇರೆ ಬೇರೆ ಡೊಮೇನ್‌ಗಳಿಗೆ ಕಳಿಸಿದರೆ 548 ಎಂಬಿ ಹೊರಗೆ ಹೋಗಬೇಕು. 20 ಎಂಬಿಪಿಎಸ್ ಲೈನಿನಲ್ಲಿ ಬೇರೇನೂ ಓಡದಿದ್ದರೂ ಮೂರೂವರೆ ನಿಮಿಷ ದಾಟುತ್ತದೆ. ಲೈನ್ ತಗೊಳ್ಳುವಾಗಲೇ ಸ್ಥಿರ ಐಪಿ ಮತ್ತು ಅದಕ್ಕೆ ಪಿಟಿಆರ್ ದಾಖಲೆ (ಆ ಐಪಿ ಯಾವ ಹೆಸರಿನದು ಎಂದು ಹೇಳುವ ದಾಖಲೆ) ಕೇಳಿ, ಸರ್ವರ್‌ಗಳು ಮೇಲ್ ಸಾಗಿಸುವ 25ನೇ ಪೋರ್ಟ್ ತೆರೆದಿದೆಯೇ ಎಂದೂ ವಿಚಾರಿಸಿ. ಈ ಮೂರರಲ್ಲಿ ಒಂದು ಸಿಗದಿದ್ದರೂ ಮೆಷಿನ್ ಆರ್ಡರ್ ಮಾಡಬೇಡಿ.