ಹಿತ್ತಲ ಧರೆಯ ಜರೀಗಿಡಗಳು

ಕೊಪ್ಪದ ಕಡೆ ಗುಡ್ಡ ಕಡಿದು ಮನೆ ಕಟ್ಟಿದ ಮೇಲೆ ಹಿಂದೊಂದು ಧರೆ ಇದ್ದೇ ಇರುತ್ತದೆ. ನಮ್ಮ ಧರೆಯ ಮೇಲೆ ಹಲಸಿನ ಮರ ಬಾಗಿದೆ. ಬೆಳಿಗ್ಗೆ ಒಂದಿಷ್ಟು ಎಳೆಬಿಸಿಲು ಬಿದ್ದರೆ ಆಯಿತು, ಆಮೇಲೆ ದಿನವಿಡೀ ನೆರಳು. ಡೇರೆ, ಗುಲಾಬಿಗೆ ಅಲ್ಲಿ ಬದುಕಿಲ್ಲ. ಹಾಗಾಗಿ ಅಷ್ಟೂ ಜಾಗ ಜರೀಗಿಡಗಳಿಗೆ, ಅಂದರೆ ಫರ್ನ್‌ಗಳಿಗೆ. "ಹೂವೇ ಬಿಡದ ಗಿಡಕ್ಕೆ ಇಷ್ಟು ಉಪಚಾರವಾ ಮಾರಾಯ್ತಿ?" ಎನ್ನುವ ದೊಡ್ಡಮ್ಮ, ಹೊರಡುವಾಗ ಒಂದು ಹಿಳ್ಳು ಕೇಳದೆ ಹೋದದ್ದಿಲ್ಲ.

ಜರೀಗಿಡಕ್ಕೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಆಷಾಢದ ಮಳೆಗೆ ಕುಂಡದಲ್ಲಿರುವವು ಕೊಳೆಯುವುದು ಅದಕ್ಕೇ. ಇಳಿಜಾರಿನ ಧರೆಯಲ್ಲಿ ಆ ತಾಪತ್ರಯವಿಲ್ಲ. ಕುಳಿ ತೋಡಿ, ಕಳಿತ ದರಗು, ಸ್ವಲ್ಪ ಮರಳು, ಇದ್ದಿಲ ಚೂರು ಬೆರೆಸಿ ನೆಡುತ್ತೇನೆ. ಸರ್ಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಹಾಕುವುದಿಲ್ಲ, ಹೆಚ್ಚಾದರೆ ಎಲೆಯ ತುದಿ ಸುಡುತ್ತದೆ.

ಬಾಸ್ಟನ್ ಫರ್ನ್ ಯಾರ ಮನೆಯಲ್ಲೂ ಬೆಳೆಯುತ್ತದೆ, ಅದರ ಮಾತು ಬೇಡ. ನನಗೆ ಮೇಡನ್‌ಹೇರ್ ಎಂದರೆ ಜೀವ. ಕೂದಲಿನಷ್ಟು ತೆಳ್ಳಗಿನ ಕಪ್ಪು ದಂಟು. ನೀರು ಚಿಮುಕಿಸಿದರೆ ಎಲೆ ನೆನೆಯದೆ ಹನಿ ಉರುಳಿಹೋಗುತ್ತದೆ. ಶಿವರಾತ್ರಿ ಕಳೆದು ಒಣಗಾಳಿ ಬೀಸಿತೋ, ಪೂರ್ತಿ ಕಂದು. ಕೀಳಬೇಡಿ. ಬುಡಕ್ಕೆ ಕತ್ತರಿಸಿ, ಮಣ್ಣು ಒಣಗದಂತೆ ನೋಡಿಕೊಂಡರೆ ಮುಟ್ಟಿದ ಚೋರಟೆಯ ಹಾಗೆ ಸುರುಳಿ ಸುತ್ತಿದ ಚಿಗುರು ಮತ್ತೆ ಏಳುತ್ತದೆ.

ಎಲೆಯಡಿ ಕಂದು ಚುಕ್ಕಿ ಕಂಡ ತಕ್ಷಣ ಔಷಧಿ ಹೊಡೆಯಲು ಓಡುವವರಿದ್ದಾರೆ. ಸಾಲು ಹಿಡಿದು, ಅಳತೆ ಮಾಡಿಟ್ಟಂತೆ ಇದ್ದರೆ ಅದು ಬೀಜಕಣದ ಗಂಟು. ಜರೀಗಿಡದ ಸಂತಾನ ಬೆಳೆಯುವುದೇ ಅದರಿಂದ. ಹೇಗೆಂದರೆ ಹಾಗೆ, ದಂಟಿನ ಮೇಲೂ ಅಂಟಿಕೊಂಡಿದ್ದು, ಉಗುರಿಗೆ ಇಡೀ ಚಕ್ಕೆಯಾಗಿ ಎದ್ದು ಬಂದರೆ ರಸ ಹೀರುವ ಶಲ್ಕ ಕೀಟ.

ಎಲೆಯ ಬೆನ್ನಿಗೆ ಬಿಳಿ ಹುಡಿ ಮೆತ್ತಿಕೊಂಡ ಒಂದು ಜಾತಿ ತಾನಾಗಿಯೇ ಬಂದು ಸೇರಿದೆ. ಮೂಲ ಅಮೆರಿಕದ ಉಷ್ಣವಲಯವಂತೆ, ಈಗ ನಮ್ಮ ರಸ್ತೆ ಬದಿಯ ಧರೆಗಳಲ್ಲೆಲ್ಲ ಇದೆ. ರಜೆಗೆ ಬರುವ ಮಕ್ಕಳು ಅದನ್ನು ಮುಂಗೈಗೆ ಒತ್ತಿ ಹಚ್ಚೆ ಹಾಕಿಕೊಳ್ಳುತ್ತಾರೆ.

ಕುದುರೆಮುಖದ ಕಡೆ ಹಳ್ಳದ ದಂಡೆಯ ಮರಜರಿ ನೋಡಿದಾಗಲೆಲ್ಲ ಕೈ ತುರಿಸುತ್ತದೆ. ಆದರೆ ಕಾಡಿನದು ಕಾಡಿಗೇ ಇರಲಿ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ, ಅಳಿವಿನ ಭಯವಿರುವ ಗಿಡ-ಪ್ರಾಣಿಗಳಿಗಾಗಿ ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ನನ್ನ ಆಸೆಗೆ ನರ್ಸರಿಯಿಂದ ತಂದ ಬರ್ಡ್ಸ್ ನೆಸ್ಟ್ ಫರ್ನ್ ಸಾಕು. ಅದು ಮರದ ಮೇಲೆ ಬದುಕಬಲ್ಲ ಗಿಡ, ಉದುರಿದ ದರಗನ್ನು ನಡುವಿನ ಬೋಗುಣಿಯಲ್ಲಿ ಹಿಡಿದು ತಾನೇ ಗೊಬ್ಬರ ಮಾಡಿಕೊಳ್ಳುತ್ತದೆ. ಮಳೆ ಹಿಡಿದ ಮೇಲೆ ತೆಂಗಿನ ಸಿಪ್ಪೆ ಕೊಟ್ಟು ಹಲಸಿನ ಕವಲಿಗೆ ಕಟ್ಟಬೇಕು, ದೊಡ್ಡಮ್ಮನ ಕೈಗೆ ಎಟುಕದಷ್ಟು ಮೇಲೆ.